ರಬ್ಬರ್ ತೊಗಟೆಗೆ ಬಳಿದ ಹಾರ್ಮೋನು

ಜೋಯಿಡಾದ ತಿರುವಿನಲ್ಲಿ ಬಸ್ಸು ಕೆಡಬಹುದಿತ್ತು. ಐಸ್ ಡಬ್ಬಿಯ ಮುಚ್ಚಳ ಸಡಿಲಾಗಬಹುದಿತ್ತು. ಫಾರೆಸ್ಟ್ ಗೇಟಿನಲ್ಲಿ ಯಾರಾದರೂ ಡಬ್ಬಿ ಬಿಚ್ಚಿಸಿ, ತೊಗಟೆಯ ಚೂರುಗಳನ್ನು ಅಂಗೈಗೆ ಸುರಿದುಕೊಂಡು ನೋಡಬಹುದಿತ್ತು. ಅಕಾಲದ ಮಳೆ ಬಂದು ನಾನು ಬಳಿದ ಹಾರ್ಮೋನು ತೊಳೆದುಹೋಗಬಹುದಿತ್ತು. ಬಳಿದದ್ದು ಹೆಚ್ಚಾಗಿ ರಬ್ಬರ್ ಮರ ಹಾಲು ಕೊಡುವುದನ್ನೇ ನಿಲ್ಲಿಸಬಹುದಿತ್ತು. ಆಗ ತೋಟದವರು ನನ್ನನ್ನು ಅದೇ ಮರಕ್ಕೆ ಕಟ್ಟಿಹಾಕಬಹುದಿತ್ತು. ಇಷ್ಟನ್ನೂ ಹಳಿಯಾಳದ ನಮ್ಮ ಮನೆಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ.

ಐವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಹೊರಟ ಸಸ್ಯಶಾಸ್ತ್ರದ ಮೇಷ್ಟ್ರು ನಾನು. ನನ್ನ ಪ್ರಶ್ನೆ ಸಣ್ಣದು: ಬೇಸಿಗೆಯಲ್ಲಿ ನೀರಿಲ್ಲದೆ ಸೊರಗಿದ ರಬ್ಬರ್ ಮರಕ್ಕೆ ಹಾಲು ಹೆಚ್ಚಿಸುವ ಹಾರ್ಮೋನು ಬಳಿದರೆ, ಅದರ ಜೀನ್‌ಗಳು ಯಾರ ಮಾತು ಕೇಳುತ್ತವೆ, ಬಿಸಿಲಿನದೋ ಹಾರ್ಮೋನಿನದೋ? ಜೀನ್ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಅದು ಕೆಲಸಕ್ಕಿಳಿದಾಗ ಕಳಿಸುವ ಆರ್‌ಎನ್‌ಎ ಎಂಬ ಸಂದೇಶ ಬಲು ನಾಜೂಕು. ಸೆಕೆಗೆ ಕೆಡುತ್ತದೆ, ಬೆರಳಿನ ಬೆವರು ತಗುಲಿದರೂ ಕೆಡುತ್ತದೆ. ಬೆವರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮಳೆಗಾಲ ಹತ್ತಿರವಿತ್ತು, ಈ ಚೂರುಗಳು ಹಾಳಾದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು.

ಅಣಶಿಯ ದಾರಿಯಲ್ಲಿರುವ ಆ ತೋಟದ ಒಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಬೆಳಿಗ್ಗೆ ಹಾರ್ಮೋನು ಬಳಿದು, ಮಧ್ಯಾಹ್ನ ತೊಗಟೆ ಕೆತ್ತಲು ಕೂತಾಗ ಅವರು ಪಕ್ಕದಲ್ಲೇ ನಿಂತಿದ್ದರು.

"ಮಾಸ್ತರ, ಯಾಕ ಹಂಗ ಹೆದರಿ ಹೆದರಿ ಕೆತ್ತಾಕತ್ತೀರಿ? ಗಿಡಕ್ಕ ಇಲ್ಲದ ನೋವು ನಿಮಗೇನ್ರಿ?"

"ಒಂದ್ ಕೂದಲ ಬಿದ್ರೂ ಎಲ್ಲಾ ಹಾಳಾಗತೈತಿ, ಅಕ್ಕಾ."

"ತಲಿಮ್ಯಾಲ ಇದ್ರ ಬೀಳಬೇಕಲ್ರಿ," ಎಂದು ನನ್ನ ಬೋಳುತಲೆ ನೋಡಿ ನಕ್ಕರು.

ಹಾರ್ಮೋನಿನ ಬಾಟಲಿ, ಬ್ರಷ್ಷು, ಕೈ ಒರೆಸಿದ ಅರಿವೆ ಯಾವುದೂ ಐಸ್ ಡಬ್ಬಿಯ ಹತ್ತಿರ ಸುಳಿಯಬಾರದೆಂದು ಕಾಗದದಲ್ಲಿ ಸುತ್ತಿ ಬೇರೆ ಚೀಲಕ್ಕೆ ಹಾಕಿದೆ. ಹೊರಡುವಾಗ ಅಕ್ಕ ಒಂದಷ್ಟು ಮಾವಿನಕಾಯಿ ತಂದರು.

"ಉಪ್ಪಿನಕಾಯಿ ಹಾಕಾಕ ಹೇಳ್ರಿ ಮನ್ಯಾಗ ಬಾಯಾರಿಗೆ. ಕಚ್ಚಿದ್ರ ಹಲ್ಲು ಜುಮ್ ಅಂತಾವ."

ಅವನ್ನೂ ಅದೇ ಚೀಲಕ್ಕೆ ಸೇರಿಸಿ, ಏನೂ ಚೆಲ್ಲದಿರಲೆಂದು ಬಾಯಿಗೆ ಗಂಟಿನ ಮೇಲೆ ಗಂಟು ಬಿಗಿದೆ.

ಬಸ್ಸಿನಲ್ಲಿ ಐಸ್ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಮೀನ ಐತೇನ್ರಿ ಸರ?" ಎಂದ ಕಂಡಕ್ಟರ್.

"ಅಲ್ಲ, ಗಿಡದ ತೊಗಟಿ."

"ಐಸಿನ್ಯಾಗ ತೊಗಟಿ!" ಎಂದು ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಕ್ಕದವರು ಸ್ವಲ್ಪ ಸರಿದು ಕೂತರು. ದಾಂಡೇಲಿ ಬಂತು, ಹಳಿಯಾಳವೂ ಬಂತು. ಬಸ್ಸು ಒಮ್ಮೆಯೂ ಕೆಮ್ಮಲಿಲ್ಲ. ಮಾರನೆಯ ದಿನ ಡಬ್ಬಿಯನ್ನು ಧಾರವಾಡದ ಪ್ರಯೋಗಾಲಯಕ್ಕೆ ಒಪ್ಪಿಸಿ ಬಂದು, ಫೋನನ್ನು ದಿಟ್ಟಿಸುತ್ತಾ ಕೂತೆ.

ಕೆಲವು ದಿನಗಳ ಮೇಲೆ ಫೋನು ಬಂತು. ಆರ್‌ಎನ್‌ಎ ಒಂದಿಷ್ಟೂ ಕೆಟ್ಟಿರಲಿಲ್ಲ. "ನನ್ನ ತೊಗಟೆಯದೇ ತಾನೆ?" ಎಂದು ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೆ. ಎಷ್ಟೋ ತಿಂಗಳ ನಂತರ ಹೆಗಲು ಹಗುರಾಯಿತು.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಉಪ್ಪಿನಕಾಯಿಗೆ ಮಾವಿನಕಾಯಿ ತಂದಿದ್ದೇನೆಂದು ಅವಳಿಗೆ ಹೇಳಿ, ಬಾಗಿಲ ಹಿಂದೆ ಇಟ್ಟು ನಾನು ಮರೆತಿದ್ದ ಚೀಲದ ಗಂಟನ್ನು ಬಿಚ್ಚಿದ್ದಳು. ಘಮ್ಮೆಂದು ವಾಸನೆ ಬಂತು. ನಾನು ಬಳಿದ ಹಾರ್ಮೋನು ಹೊರಬಿಡುವುದು ಎಥಿಲೀನ್ ಅನಿಲವನ್ನು. ಕಾಯಿಯನ್ನು ಹಣ್ಣು ಮಾಡುವುದೂ ಅದೇ ಅನಿಲ. ಪ್ರತಿ ವರ್ಷ ಈ ಪಾಠ ಮಾಡುವವನು ನಾನೇ.

"ಭರಣಿ ತೊಳದು ಒಣಗಿಸೀನಿ, ಮಸಾಲಿ ಹುರದು ಇಟ್ಟೀನಿ," ಎಂದು ಹಳದಿ ಹಣ್ಣೊಂದನ್ನು ನನ್ನ ಮೂಗಿಗೆ ಹಿಡಿದಳು. "ಈಗ ಹೇಳ್ರಿ, ಇದಕ್ಕ ಖಾರ ಹಾಕಲ್ಯೋ, ಸಕ್ಕರಿ ಹಾಕಲ್ಯೋ?"