ಗಂಟೆ ಹೊಡೆದರೂ ತೆರೆಯದ ಬಾಗಿಲು

ಅಲ್ಲ ಕಣೋ, ಬೀಗ ಕುಂಬಳಕಾಯಿ ಗಾತ್ರ ಇತ್ತು ಅಂದರೆ ನಗುತ್ತೀಯಲ್ಲ! ಸರಿ, ನಿನ್ನ ಸಮಾಧಾನಕ್ಕೆ ಬದನೆಕಾಯಿಗೆ ಇಳಿಸುತ್ತೇನೆ. ಅದಕ್ಕಿಂತ ಕೆಳಗೆ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಬೀಗದ ಒಡತಿ ನಿನ್ನಜ್ಜಿ. ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಆಯಾ ಆಗಿದ್ದಳು. ಕಸ ಗುಡಿಸುವುದು, ಬಿದ್ದವರ ಮಂಡಿ ತೊಳೆಯುವುದು, ಗಂಟೆ ಹೊಡೆಯುವುದು. ಅವಳು ಗಂಟೆ ಹೊಡೆದರೆ ಮೂರು ಊರಿನ ಗಡಿಯಾರಗಳು ತಮ್ಮ ಮುಳ್ಳು ಸರಿಮಾಡಿಕೊಳ್ಳುತ್ತಿದ್ದವು.

ಎರಡನೇ ತರಗತಿಯಲ್ಲಿ ಒಬ್ಬಳು ಪುಟ್ಟಿ. ದನಿ ಸಣ್ಣದು, ಅದಕ್ಕೇ ಎಲ್ಲರಿಗೂ ಅವಳು ಗುಬ್ಬಿ. ಬಿಡುವಿನ ಹೊತ್ತಿಗೆ ನಾಲ್ಕನೇ ತರಗತಿಯ ಮೂವರು ಹುಡುಗಿಯರು ಅವಳನ್ನು ನಲ್ಲಿಯ ಹಿಂದಿನ ಮೂಲೆಗೆ ಒತ್ತಿ, ಕೈಕೈ ಹಿಡಿದು ಸುತ್ತುಗಟ್ಟುತ್ತಿದ್ದರು. ಹೊಡೆಯುತ್ತಿರಲಿಲ್ಲ. "ಹಾರೇ ಗುಬ್ಬಿ, ಹಾರಿ ತೋರ್ಸೇ!" ಅಷ್ಟೇ. ಗಂಟೆ ಹೊಡೆಯುವ ತನಕ ಬಿಡುತ್ತಿರಲಿಲ್ಲ.

ಅಜ್ಜಿ ಹೋಗಿ ದೊಡ್ಡ ಮೇಡಂಗೆ ಹೇಳಿದಳು. "ಮಕ್ಳಾಟ ಬಿಡಮ್ಮ, ನಾಳೆ ಮರ್ತುಬಿಡ್ತಾರೆ," ಅಂದರು ಅವರು, ಫೈಲಿನಿಂದ ತಲೆ ಎತ್ತದೆ.

ಆಗ ನಿನ್ನಜ್ಜಿ ತನ್ನದೇ ಬುದ್ಧಿ ಓಡಿಸಿದಳು. ಬಿಡುವಾದ ಕೂಡಲೇ ಗುಬ್ಬಿಯನ್ನು ಹಿತ್ತಲ ತುದಿಯ, ಕೂಗಿದರೂ ತರಗತಿಗೆ ಕೇಳದ ಆಟದ ಸಾಮಾನಿನ ಕೋಣೆಯೊಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿಯುವುದು, ಗಂಟೆ ಹೊಡೆದು ಬಂದು ತೆಗೆಯುವುದು. "ಇಲಿಗೂ ಒಳಗೆ ಹೋಗೋಕಾಗಲ್ಲ ಕಣ್ರೀ," ಅಂತ ನನ್ನೆದುರು ಜಂಬ ಕೊಚ್ಚಿಕೊಂಡಳು. ನಾನೂ ಭೇಷ್ ಅಂದೆ. ಬೇರೆ ಯಾರಿಗೂ ಹೇಳಲಿಲ್ಲ.

ಹನ್ನೊಂದನೇ ದಿನ, ಬೀಗ ಜಡಿದು ತಿರುಗುವಷ್ಟರಲ್ಲಿ ದೊಡ್ಡ ಮೇಡಂ ತುರ್ತು ಕಾಗದ ಕೊಟ್ಟು ಅವಳನ್ನು ಪಟ್ಟಣದ ಕಚೇರಿಗೆ ಅಟ್ಟಿದರು. ಗಂಟೆ ಬೇರೆ ಯಾರೋ ಹೊಡೆದರು. ಹುಡುಗಿ ಕಾಣದಿದ್ದಾಗ ಮನೆಗೆ ಹೋಗಿರಬೇಕು ಅಂದುಕೊಂಡರು. ಬಸ್ಸಿನಲ್ಲಿ ಸೊಂಟಕ್ಕೆ ಬೀಗದ ಕೈ ಚುಚ್ಚಿದಾಗಲೇ ಅಜ್ಜಿಗೆ ನೆನಪಾದದ್ದು. ಇಳಿದು ವಾಪಸ್ಸು ಓಡಿದಳು. ಅವಳ ಓಟಕ್ಕೆ ಬಸ್ಸೇ ಹಿಂದೆ ಬಿತ್ತು... ಬೇಡ, ಇಲ್ಲಿ ಸುಳ್ಳು ಬೇಡ. ಎಡವಿ ಬಿದ್ದು ಬಂದು ಸೇರಲು ಒಂದೂವರೆ ತಾಸು ಹಿಡಿಯಿತು.

ಒಳಗೆ ಕತ್ತಲು, ಹಳೇ ಚಾಪೆಗಳ ಮುಗ್ಗಲು ವಾಸನೆ. ಬಾಗಿಲು ಬಡಿದು ಬಡಿದು ಗುಬ್ಬಿಯ ಅಂಗೈ ಬಾತಿತ್ತು. ಅಳುತ್ತಿರಲಿಲ್ಲ.

"ಆಯಮ್ಮಾ, ಅವ್ರು ಗಂಟೆ ಹೊಡೆದ್ರೆ ಬಿಡ್ತಾರೆ. ನೀವು ಗಂಟೆ ಹೊಡೆದ್ರೂ ಬಿಡ್ಲಿಲ್ಲ."

ಅಜ್ಜಿ ಅವಳನ್ನು ಎತ್ತಿಕೊಂಡು ಹೋಗಿ ದೊಡ್ಡ ಮೇಡಂ ಮುಂದಿನ ಫೈಲಿನ ಮೇಲೆ ಆ ಪುಟ್ಟ ಕೈ ಇಟ್ಟಳು. "ಕೂಡಿಹಾಕಿದ್ದು ನಾನೇ ಮೇಡಂ, ಬೇಕಾದ್ರೆ ಕೆಲ್ಸದಿಂದ ತೆಗೀರಿ. ಆದ್ರೆ ನಾಳೆಯಿಂದ ಬಿಡುವಿನಲ್ಲಿ ನೀವೂ ಹೊರಗೆ ಬರ್ಬೇಕು."

ಮರುದಿನ ದೊಡ್ಡ ಮೇಡಂ ಕುರ್ಚಿ ನಲ್ಲಿಯ ಪಕ್ಕ ಬಂತು. ಆ ಮೂವರ ಮನೆಯವರಿಗೂ ಕರೆ ಹೋಯಿತು. ಗುಬ್ಬಿ ಮಾತ್ರ ಒಂದು ತಿಂಗಳು ಆ ಕುರ್ಚಿಯ ಕಾಲು ಬಿಡಲಿಲ್ಲ. ನಿನ್ನಜ್ಜಿ? ಇವತ್ತಿಗೂ ಯಾವ ಬಾಗಿಲಿಗೆ ಚಿಲಕ ಹಾಕುವ ಮೊದಲೂ ಎರಡೆರಡು ಸಲ ಕೂಗಿ...

"ರೀ, ಒಳಗೆ ಯಾರಿದ್ದೀರಿ? ಊಟಕ್ಕೆ ಬರ್ತೀರೋ, ಗಂಟೆ ಹೊಡೀಲೋ?"

ಕೇಳಿದೆಯಾ? ಬಂದೆ ಮಾರಾಯ್ತಿ, ಬಂದೆ!