ಕತ್ತಿ ಒರೆಸಿಕೊಳ್ಳುವಷ್ಟು ಹೊತ್ತು

ಕಳೆದ ಭಾನುವಾರ ನನ್ನ ಅಕ್ಕ ರಾಯಚೂರಿನ ನಮ್ಮ ಮನೆಯ ಸೋಫಾದ ಮೇಲೆ ಕುಳಿತು ರಾಶಿ ರಾಶಿ ಜೊಂಬಿಗಳನ್ನು ಕಡಿದು ಹಾಕಿದಳು. ಪಕ್ಕದಲ್ಲಿ ತಂಗಿಯೂ ಕಡಿಯುತ್ತಿದ್ದಳು. ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು!

ಕಾರಣ ಕೇಳಿದರೆ ನಗುತ್ತೀರಿ. ಅಕ್ಕನ ಮನೆ ಮಾನ್ವಿ, ತಂಗಿಯದು ದೇವದುರ್ಗ. (ನಾನು ನಡುವಿನವಳು. ಎರಡೂ ಕಡೆಯ ಫೋನಿಗೆ ಕಿವಿಯಾಗುವವಳು.) ಹೋದ ವರ್ಷ ಮಾನ್ವಿಯಿಂದ ಹೊರಡುವಾಗ ಅಕ್ಕ ತನಗೆ ರವಿಕೆ ಖಣ, ಅಕ್ಕಿ ಮಡಿಲಿಗಿಟ್ಟು ಉಡಿ ತುಂಬಲಿಲ್ಲ ಎಂದು ತಂಗಿಯ ಸಿಟ್ಟು. ಬಂದ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ?

"ಬೇಕಂತನ ಮಾಡ್ಯಾಳ" ಅನ್ನುತ್ತಾಳೆ ತಂಗಿ.

"ನಾ ಖಣ ತರಾಕ ಒಳಗ ಹೋಗಿದ್ದೆ. ಬಸ್ ಹೋಗ್ತದ ಅಂತ ಆಕೀನ ಓಡಿದ್ಲು" ಅನ್ನುತ್ತಾಳೆ ಅಕ್ಕ.

ಇಬ್ಬರನ್ನೂ ಒಂದೇ ದಿನ ಊಟಕ್ಕೆ ಕರೆದೆ. ಇನ್ನೊಬ್ಬಳು ಬರುವುದನ್ನು ಯಾರಿಗೂ ಹೇಳಲಿಲ್ಲ. ಆದದ್ದೇನು? ಒಬ್ಬಳು ಕಿಟಕಿ ನೋಡಿದಳು, ಒಬ್ಬಳು ಫ್ಯಾನ್ ನೋಡಿದಳು.

ಆಗ ಕಾಲೇಜಿಗೆ ಹೋಗುವ ನನ್ನ ಮಗಳು ಟಿವಿಗೆ ತನ್ನ ಸೆಕೆಂಡ್ ಹ್ಯಾಂಡ್ ಗೇಮ್ ಡಬ್ಬಿ ಹಚ್ಚಿದಳು. ಅದೊಂದು ಜಪಾನಿ ಆಟದ ಸರಣಿ, ಜಪಾನಿನಲ್ಲೇ ಅದು ಅಗ್ಗದ ಬೆಲೆಗೆ ಮಾರುವ ಮಾಲಂತೆ. ಎಷ್ಟು ಭಾಗ ಬಂದರೂ ಕಥೆ ಅಷ್ಟೇ: ಸತ್ತವರು ಏಳುತ್ತಾರೆ, ಕತ್ತಿ ಹಿಡಿದ ಅಕ್ಕತಂಗಿಯರು ಕಡಿಯುತ್ತಾರೆ. ಮೊದಲು ಆ ಇಬ್ಬರೂ ವೈರಿಗಳಂತೆ. (ಮಗಳು ಬೇಕೆಂದೇ ಇದನ್ನು ಆರಿಸಿದಳೇ? ಕೇಳಿದರೆ ನಗುತ್ತಾಳೆ.)

"ದೊಡ್ಡವ್ವಾ, ನೀ ಅಕ್ಕ. ಚಿಗವ್ವಾ, ನೀ ತಂಗಿ" ಎಂದು ಇಬ್ಬರ ಕೈಗೂ ಒಂದೊಂದು ರಿಮೋಟ್ ಕೊಟ್ಟಳು.

"ಇಷ್ಟು ಗಟ್ಟಿ ಹುಡುಗ್ಯಾರು, ಮೈತುಂಬ ಬಟ್ಟಿ ಇಲ್ಲಲ್ಲಬೇ!" ಎಂದ ಅಕ್ಕ, ಹಿಟ್ಟು ನಾದುವ ಹಾಗೆ ಎಲ್ಲ ಬಟನ್ ಒತ್ತತೊಡಗಿದಳು.

ಈ ಆಟದಲ್ಲಿ ಒಂದು ವಿಚಿತ್ರವಿದೆ. ಬೀಸುತ್ತಲೇ ಇದ್ದರೆ ಕತ್ತಿಗೆ ರಕ್ತ ಮೆತ್ತಿಕೊಂಡು ಅದು ಮೊಂಡಾಗುತ್ತದೆ, ಜೊಂಬಿಯ ಮೈಯಲ್ಲೇ ಸಿಕ್ಕಿಬೀಳುತ್ತದೆ. ನಡುವೆ ನಿಂತು ಒರೆಸಬೇಕು. ನಿಂತರೆ ಜೊಂಬಿಗಳು ಮುತ್ತುತ್ತವೆ. ತಂಗಿಯ ಕತ್ತಿ ಸಿಕ್ಕಿಬಿತ್ತು. ಸುತ್ತ ಹೆಣಗಳು. ಅವಳು ಗಾಬರಿಯಾಗಿ ಟಿವಿಯೊಳಗೇ ಓಡತೊಡಗಿದಳು.

"ನಿಂದ್ರಬೇ! ಕತ್ತಿ ಒರಸ್ಕೋ, ನಾ ಅದೀನಿ!" ಅಕ್ಕ ಕೂಗಿದಳು.

ವರ್ಷದ ಮೊದಲ ಮಾತು.

ತಂಗಿ ಟಿವಿಯಿಂದ ಕಣ್ಣು ಕೀಳದೆ ಹೇಳಿದಳು: "ಅವತ್ತು ಹಿಂಗ ನಿಂದ್ರು ಅಂದಿದ್ರ ಬಸ್ ಬಿಡ್ತಿದ್ದಿಲ್ಲೇನಕ್ಕಾ ನಾನು?"

ಅಕ್ಕನ ಬೆರಳು ನಿಂತವು. ಜೊಂಬಿಗಳು ಇಬ್ಬರನ್ನೂ ಮುಗಿಸಿದವು, ಯಾರೂ ಗಮನಿಸಲಿಲ್ಲ.

ನಮ್ಮ ಜಗಳಗಳೂ ಹೀಗೇ ಅಲ್ಲವೇ? ಹೂತು ಬಂದೆವು ಅಂದುಕೊಳ್ಳುತ್ತೇವೆ, ಮುಂದಿನ ಹಬ್ಬಕ್ಕೆ ಎದ್ದು ಕೂತಿರುತ್ತವೆ. ಮತ್ತೆ ಬೀಸುತ್ತೇವೆ. ನಿಂತು ಒರೆಸಿಕೊಳ್ಳಲು ಭಯ, ಕಾಯುವವರು ಯಾರೂ ಇಲ್ಲವೆಂಬ ಭಯ.

ಸಂಜೆ ತಂಗಿ ಚೀಲ ಎತ್ತಿಕೊಂಡಳು. ಅಕ್ಕ ನನ್ನ ಅಲಮಾರಿ ತೆಗೆದು ನನ್ನದೇ ಹೊಸ ಖಣ ಎಳೆದಳು, ನನ್ನದೇ ಅಕ್ಕಿ, ಕೊಬ್ಬರಿ ತಂದು ತಂಗಿಯ ಉಡಿ ತುಂಬಿದಳು. ಅಷ್ಟರಲ್ಲಿ ಬಸ್ಸು ಹೋಗಿತ್ತು.

ದೇವದುರ್ಗಕ್ಕೆ ಇನ್ನೊಂದು ಬಸ್ಸು ಇದ್ದೇ ಇರುತ್ತದೆ, 'ನಿಂದ್ರು' ಅನ್ನುವವರು ಬೇಕಷ್ಟೆ.