ಮೇಲೆ ಮಲಗಿದ್ದವರು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಡ್ರೋನು ವಿಡಿಯೊದ ಜೊತೆಗೆ ಸಮಯವನ್ನೂ ಬರೆದುಕೊಂಡಿದೆ. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಇರುವೆಯಷ್ಟು ದೊಡ್ಡವನೊಬ್ಬ ಬಂಡೆಯ ಮೇಲಿಂದ ಜಿಗಿದು ಓಡುತ್ತಾನೆ. ಹಿಂದಕ್ಕೆ ತಿರುಗಿಯೂ ನೋಡುವುದಿಲ್ಲ. ಅವನು ನಾನು.

ನಾನು ಹಿರಿಯೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕ. ಮನೆ ಚಿತ್ರದುರ್ಗದಲ್ಲಿ. ನನ್ನ ಗೆಳೆಯನೂ ದುರ್ಗದವನೇ, ಮದುವೆ ವಿಡಿಯೊ ತೆಗೆಯುವವನು. ನಾವಿಬ್ಬರೂ ಸೇರಿ ಒಂದು ಕಂಪ್ಯೂಟರ್ ಆಟ ಮಾಡುತ್ತಿದ್ದೆವು. ಒಂದು ಬೆಟ್ಟದ ಕೋಟೆ, ಸುತ್ತ ಶತ್ರು ಸೈನ್ಯ. ಆಡುವವನು ಸಿಪಾಯಿಗಳನ್ನು ಎಲ್ಲಿ ನಿಲ್ಲಿಸಬೇಕು, ಹೊಂಡದ ನೀರನ್ನು ಎಷ್ಟು ದಿನ ಕಾಯ್ದುಕೊಳ್ಳಬೇಕು ಎಂದು ಯೋಚಿಸಿ ಗೆಲ್ಲಬೇಕು. ನಿಯಮಗಳು ನನ್ನವು, ಚಿತ್ರಗಳು ಅವನವು. ಮೂರು ವರ್ಷಗಳಲ್ಲಿ ಆಟ ಕಾಲು ಭಾಗ ಮುಗಿದಿತ್ತು, ಜಗಳ ಮಾತ್ರ ಪೂರ್ತಿ ಬೆಳೆದಿತ್ತು.

"ಚಿತ್ರ ಯಾರಿಗೆ ಬೇಕು? ಯುಕ್ತಿ ಮುಖ್ಯ," ಎನ್ನುವುದು ನನ್ನ ಪಕ್ಷ. "ಚೌಕ ಚೌಕ ಗೆರೆ ಎಳೆದು ಕೊಟ್ಟರೂ ಒಳ್ಳೆಯ ಆಟ ಒಳ್ಳೆಯ ಆಟವೇ."

ಅವನ ತಾತ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಅವನ ಉತ್ತರವೂ ಅಲ್ಲಿಂದಲೇ ಬರುತ್ತಿತ್ತು. "ಲೇ, ಕಲಾಯಿ ಅಂದ್ರೆ ಬರೀ ಹೊಳಪು ಅನ್ಕಂಡೀಯಾ? ಕಲಾಯಿ ಇಲ್ದಿರೋ ಪಾತ್ರೆಯಾಗೆ ಹುಣಸೆಹುಳಿ ಹಾಕಿ ಸಾರು ಮಾಡಿ ಉಣ್ಣು. ಪಾತ್ರೆ ಎಷ್ಟು ಗಟ್ಟಿ ಇದ್ರೇನು, ಆಸ್ಪತ್ರೆಗೆ ಹೋಗ್ತೀಯ."

ಕೊನೆಗೆ ಆಸ್ಪತ್ರೆಗೆ ಹೋದವನು ಅವನೇ.

ಆಟದ ಕೋಟೆಗೆ ನಿಜವಾದ ಬಂಡೆಗಳ ಮೈ ಬೇಕು, ಮೇಲಿನಿಂದ ತೆಗೆದ ಚಿತ್ರ ಬೇಕು ಎಂದು ಅವನ ಹಟ. ದುರ್ಗದ ಕೋಟೆಯಲ್ಲಿ ಡ್ರೋನ್ ಹಾರಿಸಲು ಬಿಡುವುದಿಲ್ಲ. ಹಾಗಾಗಿ ಯಾರೂ ಕಾಯದ ಒಂದು ಬೆಟ್ಟ ಹುಡುಕಿಕೊಂಡು ಹೊಸದುರ್ಗದ ಕಡೆಗೆ, ಮತ್ತೋಡಿನ ಆಚೆ ಹೋದೆವು. ಬೈಕನ್ನು ಬುಡದಲ್ಲಿದ್ದ ಬೇವಿನ ಮರದ ಕೆಳಗೆ ನಿಲ್ಲಿಸಿ ಹತ್ತಿದೆವು. ಅರ್ಧ ಬೆಟ್ಟದಲ್ಲಿ ಒಂದು ಚಪ್ಪಟೆ ಬಂಡೆಯ ಮೇಲೆ ಕುರಿ ಕಾಯುವ ಯಜಮಾನರೊಬ್ಬರು ಕುಳಿತಿದ್ದರು. ಹೆಗಲ ಮೇಲೆ ಕರಿ ಕಂಬಳಿ, ಮುಂದೆ ಬಂಡೆಯಲ್ಲೇ ಕೊರೆದ ಹುಲಿ-ಕುರಿ ಆಟದ ಮನೆ. ಹುಲಿಗಳಿಗೆ ದೊಡ್ಡ ಕಲ್ಲು, ಕುರಿಗಳಿಗೆ ಹುಣಸೆಬೀಜ. ಎರಡೂ ಕಡೆಯಿಂದ ಅವರೊಬ್ಬರೇ ಆಡುತ್ತಿದ್ದರು.

ನಾನು ಗೆದ್ದವನಂತೆ ಗೆಳೆಯನ ಕಡೆ ನೋಡಿದೆ. "ನೋಡು, ಗ್ರಾಫಿಕ್ಸ್ ಎಲ್ಲೈತೆ ಇದ್ರಾಗೆ?"

"ಹಿಂದೆ ನೋಡಲೇ," ಎಂದು ಅವನು ಬೆಟ್ಟದ ಕಡೆ ಕೈ ತೋರಿಸಿದ. "ಇಷ್ಟು ದೊಡ್ಡ ಗ್ರಾಫಿಕ್ಸ್ ಇಟ್ಕಂಡು ಆಡ್ತಾ ಅವ್ರೆ."

ಯಜಮಾನರು ನಮ್ಮ ಪೆಟ್ಟಿಗೆಯನ್ನು ನೋಡಿದರು. "ಏನಪ್ಪ ಅದು?"

"ಹಾರೋ ಕ್ಯಾಮೆರಾ ಯಜಮಾನ್ರೇ. ಆ ಮೇಲಿನ ಬಂಡೆ ಫೋಟೊ ತೆಗೀಬೇಕು."

"ಸದ್ದು ಮಾಡ್ತೈತಾ?"

"ಸ್ವಲ್ಪ."

ಅವರು ಮೇಲಿನ ಬಂಡೆಯ ಕಡೆಗೆ ಗದ್ದ ಎತ್ತಿ, ದನಿ ಇಳಿಸಿದರು. "ಬ್ಯಾಡ್ರಪ್ಪ. ಅಲ್ಲಿ ಅವರು ಅವ್ರೆ. ಈಗ ಮಲಗವ್ರೆ. ಎಬ್ಬಿಸಬ್ಯಾಡ್ರಿ."

"ಎಷ್ಟು ಜನ ಅವ್ರೆ?" ಎಂದ ಗೆಳೆಯ.

"ಅವರನ್ನ ಎಣಿಸಾಕಾಗ್ತೈತಾ!"

ಡಿಗ್ರಿ ಓದಿದ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಎಣಿಸಲಾಗದಷ್ಟು ಜನ, ಬೆಳಿಗ್ಗೆ ಹತ್ತೂವರೆಗೆ, ಕೆಲಸದ ಹೊತ್ತಿನಲ್ಲಿ ಮಲಗಿದ್ದಾರೆ ಎಂದರೆ ಅದು ಯಾವುದೋ ಇಲಾಖೆಯೇ ಇರಬೇಕು ಎಂದು ನಮಗೆ ಅನುಮಾನವೇ ಉಳಿಯಲಿಲ್ಲ. ಕಾವಲಿನವರು ಏಳುವುದರೊಳಗೆ ಕೆಲಸ ಮುಗಿಸೋಣ ಎಂದುಕೊಂಡೆವು. ಯಜಮಾನರು ಕುರಿಗಳನ್ನು ಹೊಡೆದುಕೊಂಡು ಆಚೆ ಸರಿದರು. ನಾವು ಇನ್ನೂ ಮೇಲಕ್ಕೆ ಹತ್ತಿ ಡ್ರೋನ್ ಬಿಟ್ಟೆವು.

ಬಂಡೆಯ ಮೇಲ್ಚಾಚಿನ ಕೆಳಗೆ ಕಪ್ಪು ಹಲಗೆಗಳಂತೆ ಏನೋ ನೇತಾಡುತ್ತಿದ್ದವು. ಗೆಳೆಯ ಪರದೆಯಲ್ಲಿ ನೋಡಿ, "ಎಂಥಾ ಟೆಕ್ಸ್ಚರ್ ಲೇ, ಹೊಳೀತೈತೆ ನೋಡು," ಎಂದು ಡ್ರೋನನ್ನು ಇನ್ನೂ ಹತ್ತಿರ ಒಯ್ದ. ಆ ಹೊಳಪು ಒಮ್ಮೆ ಅಲೆಯಂತೆ ಸರಿಯಿತು. ಆಗ ಹತ್ತು ನಲವತ್ತೆರಡು. ಹೆಜ್ಜೇನು ಎದ್ದಿತ್ತು.

ಮೂರು ವರ್ಷ ಯುದ್ಧತಂತ್ರದ ನಿಯಮ ಬರೆದವನು ನಾನು. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು, ಜೊತೆಗಾರನ ಬೆನ್ನನ್ನು ಹೇಗೆ ಕಾಯಬೇಕು ಎನ್ನುವುದಕ್ಕೆಲ್ಲ ನನ್ನ ಬಳಿ ಕೋಷ್ಟಕಗಳಿದ್ದವು. ಮೊದಲ ಹುಳ ಕಿವಿಯ ಹಿಂದೆ ಕಚ್ಚಿದಾಗ ಒಂದೂ ನೆನಪಿಗೆ ಬರಲಿಲ್ಲ. ಓಡಿದೆ. ಹಿಂದಿನಿಂದ ಗೆಳೆಯ ಬಿದ್ದ ಸದ್ದು ಕೇಳಿಸಿತು. ನನ್ನ ಹೆಸರು ಕರೆದಿದ್ದೂ ಕೇಳಿಸಿತು. ಆದರೂ ಓಡಿದೆ.

ಅಲ್ಲಿಂದ ಮುಂದಿನದನ್ನು, ಆಮೇಲೆ ಡ್ರೋನಿನ ಮೆಮೊರಿ ಕಾರ್ಡ್ ತೆಗೆದು ವಿಡಿಯೊ ನೋಡಿಯೇ ತಿಳಿದೆ. ರಿಮೋಟ್ ಗೆಳೆಯನ ಕೈಯಿಂದ ಬಿದ್ದರೂ ಡ್ರೋನು ಕ್ಯಾಮೆರಾವನ್ನು ಕೆಳಮುಖ ಮಾಡಿಕೊಂಡು ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಕೆಳಗೆ ಗೆಳೆಯ ಮುಖ ಮುಚ್ಚಿಕೊಂಡು ಹೊರಳಾಡುತ್ತಾನೆ. ಎಡಗಡೆಯಿಂದ ಒಂದು ಕರಿ ಚುಕ್ಕೆ ಬರುತ್ತದೆ, ಓಡುವುದಿಲ್ಲ, ಬಗ್ಗಿಕೊಂಡು ಬರುತ್ತದೆ. ಅದು ಯಜಮಾನರು. ಕಂಬಳಿ ಬಿಚ್ಚಿ ಅವನ ಮೇಲೆ ಹಾಕಿ, ತಾವೂ ಅದರೊಳಗೆ ಮಲಗಿಬಿಡುತ್ತಾರೆ. ಆಮೇಲೆ ಆ ಕರಿ ಗುಡ್ಡೆ ಅಲುಗಾಡುವುದೇ ಇಲ್ಲ. ಬ್ಯಾಟರಿ ಮುಗಿಯುತ್ತ ಬಂದಾಗ ಡ್ರೋನು ತನ್ನ ನಿಯಮದಂತೆ ಹೊರಟ ಜಾಗಕ್ಕೇ ಮರಳಿ ಇಳಿಯುತ್ತದೆ. ಆ ದಿನ ನಮ್ಮ ತಂಡದಲ್ಲಿ ನಿಯಮ ಪಾಲಿಸಿದ್ದು ಅದೊಂದೇ.

ನಾನು ಮರಳಿದ್ದು ಯಜಮಾನರು ಕೂಗಿದ ಮೇಲೆ. "ಬಾರಪ್ಪ, ಹೋದರು ಅವರು. ಇವನಿಗೆ ಉಸಿರು ಕಟ್ತಾ ಐತೆ." ಗೆಳೆಯನ ತುಟಿ, ನಾಲಿಗೆ ಊದಿದ್ದವು. ಅವನನ್ನು ಹೊತ್ತು ಇಳಿಸಿ, ಬೈಕಿನ ಮೇಲೆ ನಡುವೆ ಕೂರಿಸಿದೆವು, ಹಿಂದಿನಿಂದ ಯಜಮಾನರು ಹಿಡಿದುಕೊಂಡರು. ಹೊಸದುರ್ಗದವರೆಗೆ ಬೈಕ್ ಓಡಿಸಿದೆ. ವೈದ್ಯರು ಅವನ ಗಂಟಲು ನೋಡಿ, ನಮ್ಮನ್ನು ಏನೂ ಕೇಳದೆ ಮೊದಲು ಇಂಜೆಕ್ಷನ್ ಕೊಟ್ಟರು. ಉಸಿರು ಸರಿಹೋದ ಮೇಲೆ ನಮ್ಮ ಕಡೆ ತಿರುಗಿ, ಇವನಿಗೆ ಇನ್ನೊಮ್ಮೆ ಜೇನು ಕಚ್ಚಿದರೆ ಜೀವಕ್ಕೇ ಅಪಾಯ ಎಂದರು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ನಾನು ಯಜಮಾನರ ಮೇಲೆ ರೇಗಿದೆ. "ಹೆಜ್ಜೇನು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಅವರ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದರಲ್ಲಿ ನನ್ನನ್ನು ನೋಡಿದರು. "ಅವರ ಬಾಗಿಲಾಗೆ ನಿಂತ್ಕಂಡು ಅವರ ಹೆಸರು ಹೇಳ್ತಾರೇನಪ್ಪ?"

ಅಷ್ಟರಲ್ಲಿ ಗೆಳೆಯನ ತಾಯಿ ದುರ್ಗದಿಂದ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, "ನೀನಿದ್ದೆ ಅಂತ ಉಳಿದ ಬೇಟಾ," ಎಂದು ಅತ್ತರು. "ಬೈಕ್ ತರೋಕೆ ಓಡಿದೆ ಅಮ್ಮೀ," ಎಂದೆ. ಯಜಮಾನರು ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು.

ಅಂದಿನಿಂದ ನಿದ್ದೆ ಹೋಯಿತು. ಫ್ಯಾನ್ ಹಾಕಿದರೆ ಅದೇ ಸದ್ದು, ಆರಿಸಿದರೆ ದುರ್ಗದ ಸೆಖೆ. ಬೆವರುತ್ತ ಮಲಗಿ ಕಣ್ಣು ಮುಚ್ಚಿದರೆ ವಿಡಿಯೊ ಓಡುತ್ತಿತ್ತು. ಗ್ರಾಫಿಕ್ಸ್ ಮುಖ್ಯವಲ್ಲ ಎಂದು ಮೂರು ವರ್ಷ ವಾದಿಸಿದವನ ಅಂಗಿಯ ಪಟ್ಟೆಯನ್ನೂ ದೊಡ್ಡದು ಮಾಡಿ ಎಣಿಸುವಷ್ಟು ಸ್ಪಷ್ಟವಾಗಿತ್ತು ಅದು. ಹಳೇ ಕಾಲದ ಆಟಗಳಂತೆ ಚೌಕದ ಚುಕ್ಕೆಗಳಾಗಿದ್ದರೆ ಅದು ನಾನೇ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಗೆಳೆಯ ಚೇತರಿಸಿಕೊಂಡ. ಮೊದಲು ಕೇಳಿದ್ದೇ ವಿಡಿಯೊ. "ಕಾರ್ಡ್ ಕೆಟ್ಟೋಗೈತೆ," ಎಂದೆ. ಆಟ ನಿಂತರೂ ಸರಿ, ಗೆಳೆತನ ಉಳಿಯಲಿ ಎನ್ನುವ ಲೆಕ್ಕ ನನ್ನದು. ಅವನು ಮದುವೆಮನೆಗೆ ಹೊರಟವನ ಸಡಗರದಲ್ಲಿ ಹೇಳಿದ: "ಹಂಗಾದ್ರೆ ಭಾನುವಾರ ಇನ್ನೊಂದ್ಸಲ ಹೋಗಾಣ ಬಿಡು. ಈ ಸಲ ದೂರದಿಂದ ತೆಗೆಯಾಣ. ಮೇಲಿನೋರಿಗೆ ಗೊತ್ತೇ ಆಗಲ್ಲ."

ಡಾಕ್ಟರ ಮಾತು ನೆನಪಿಸಿದೆ. "ಅವರು ಹಂಗೇ ಅಂತಾರೆ," ಎಂದ. ಹಟ ಹಿಡಿದರೆ ಬಿಡುವವನಲ್ಲ; ಹಳೆಯ ವಿಡಿಯೊ ಸಿಕ್ಕರೆ ಮಾತ್ರ ನಿಲ್ಲುತ್ತಾನೆ. ಶನಿವಾರ ಸಂಜೆ ಕಾರ್ಡ್ ಜೇಬಿಗೆ ಹಾಕಿಕೊಂಡು ಅವನ ಮನೆಗೆ ಹೋದೆ. "ಕೆಟ್ಟಿರಲಿಲ್ಲ," ಎಂದು ಅವನ ಮುಂದಿಟ್ಟೆ.

ಅವನು ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಒಮ್ಮೆ ನೋಡಿದ. ಮತ್ತೆ ಹಿಂದಕ್ಕೆ ಸರಿಸಿ, ದೊಡ್ಡದು ಮಾಡಿ ನೋಡಿದ. ಒಳಗಿನಿಂದ ಈರುಳ್ಳಿ ಹುರಿಯುವ ಸದ್ದು ಬರುತ್ತಿತ್ತು.

"ಬೈಕ್ ತರೋಕೆ ಓಡಿದೆ ಅಂತ ಅಮ್ಮೀಗೆ ಅಂದಿದ್ದೆ," ಎಂದ. "ಬೇವಿನ ಮರ ಇತ್ಲಾಗೈತೆ. ನೀನು ಅತ್ಲಾಗೆ ಓಡ್ತಿದೀಯ."

"ಹೆದರಿಕೊಂಡೆ."

"ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು."

ಅವನು ಲ್ಯಾಪ್‌ಟಾಪ್ ಮುಚ್ಚಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಚಹಾ ಬಂತು, ಆರಿತು. ಆಮೇಲೆ ಕೇಳಿದ. "ನಮ್ಮ ಆಟದಾಗೆ ಸಿಪಾಯಿ ಎಷ್ಟು ಹೊತ್ತಿಗೆ ಓಡ್ತಾನೆ?"

"ಓಡಲ್ಲ. ಸಾಯೋತನಕ ನಿಲ್ತಾನೆ. ಹಂಗೇ ಬರೆದೀನಿ."

"ಸುಳ್ಳು ಬರೆದೀಯ. ಯುಕ್ತಿ ಮುಖ್ಯ ಅಂತ ನನ್ನ ತಲೆ ತಿಂದೆ, ನಿನ್ನ ಯುಕ್ತಿಗೇ ಬರೀ ಹೊಳಪಿನ ಕಲಾಯಿ ಹಾಕೀಯಲ್ಲೋ. ಬದಲಾಯ್ಸು. ಓಡಲಿ. ಓಡೋದು ಹೆಂಗೆ ಅಂತ ಚಿತ್ರ ನಾನು ಮಾಡ್ತೀನಿ, ಇಲ್ಲೇ ಐತಲ್ಲ." ಬೆರಳಿನಿಂದ ಪರದೆಯ ಮೇಲಿನ ನನ್ನನ್ನು ಕುಟ್ಟಿದ. ಅದರಲ್ಲಿ ತಮಾಷೆ ಎಷ್ಟು, ಸಿಟ್ಟು ಎಷ್ಟು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. "ಭಾನುವಾರ ಎಲ್ಲಿಗೂ ಹೋಗೋದಿಲ್ಲ. ಅಮ್ಮೀಗೆ ನೀನೇ ಹೇಳು."

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅವರು ಸೌಟು ಹಿಡಿದುಕೊಂಡೇ ಪೂರ್ತಿ ಕೇಳಿದರು. "ಮೊದಲು ಉಣ್ಣು. ಆಮೇಲೆ ಬೈತೀನಿ," ಎಂದರು. ಉಂಡೆ. ಬೈದರು. ಕನ್ನಡದಲ್ಲಿ ಅರ್ಧ, ಉರ್ದುವಿನಲ್ಲಿ ಅರ್ಧ, ಎರಡೂ ನನಗೆ ಚೆನ್ನಾಗಿ ಅರ್ಥವಾಯಿತು.

ಮನೆಗೆ ಬಂದು ಫ್ಯಾನನ್ನು ಐದಕ್ಕೆ ತಿರುಗಿಸಿದೆ. ಅದು ಹೊಡೆದುಕೊಳ್ಳುತ್ತ ತಿರುಗಿತು, ಬರೀ ಹಳೆಯ ಫ್ಯಾನಿನ ಸದ್ದು. ಭಾನುವಾರ ಬೆಳಿಗ್ಗೆ ಕಸದ ಗಾಡಿಯ ಹಾಡಿಗೆ ಎಚ್ಚರವಾದಾಗ ಬಿಸಿಲು ಮಂಚದವರೆಗೆ ಬಂದಿತ್ತು.